ಗೋದಲಿ ನೋಡುವ ಸಂಜೆ

ಡಿಸೆಂಬರ್ ಕೊನೆಯ ವಾರದ ಇಳಿಹೊತ್ತಿನಲ್ಲಿ ನಾರಾವಿ ಪೇಟೆಯಲ್ಲಿ ಬಸ್ಸಿಳಿದರೆ ಕಣ್ಣು ಮೊದಲು ಹೋಗುವುದು ಮೂಡು ದಿಕ್ಕಿಗೆ. ಮಳೆಗಾಲದುದ್ದಕ್ಕೂ ಮೋಡದೊಳಗೆ ಅಡಗಿದ್ದ ಕುದುರೆಮುಖದ ಸಾಲು ಈಗ ಮಡಿಕೆ ಮಡಿಕೆಯಾಗಿ ತೆರೆದುಕೊಂಡು ನಿಂತಿರುತ್ತದೆ. ಪಡುವಣದ ಬಿಸಿಲು ಅಡಿಕೆ ತೋಟಗಳ ತಲೆ ಸವರಿ, ಸುಗ್ಗಿ ಬೆಳೆಯ ಎಳೆಹಸಿರು ಗದ್ದೆಗಳನ್ನು ದಾಟಿ, ನೇರ ಆ ಬೆಟ್ಟಗಳ ಮೇಲೆ ಹೋಗಿ ಬೀಳುತ್ತದೆ. ಒಂದಷ್ಟು ಹೊತ್ತು ಹೊಂಬಣ್ಣ, ಆಮೇಲೆ ನಸುಗೆಂಪು, ಆಮೇಲೆ ಬರೀ ನೀಲಿ. ಅಂಗಳದಲ್ಲಿ ಹರವಿದ ಅಡಿಕೆಯ ಒಗರು ವಾಸನೆ, ಬಚ್ಚಲ ಒಲೆಗೆ ಒಡ್ಡಿದ ತೆಂಗಿನ ಸೋಗೆಯ ಹೊಗೆ, ಹೋಟೆಲಿನೊಳಗಿಂದ ಬಿಸಿ ಗೋಳಿಬಜೆಯ ಪರಿಮಳ, ಇವೆಲ್ಲ ಸೇರಿ ಗಾಳಿ ಸ್ವಲ್ಪ ದಪ್ಪವಾಗಿರುತ್ತದೆ. ಗುರುವಾಯನಕೆರೆಯಿಂದ ಬಂದ ಬಸ್ಸು ಹೊಸ್ಮಾರು, ಬಜಗೋಳಿ ಎಂದು ಕೂಗಿ, ಕಾರ್ಕಳದ ಕಡೆಗೆ ಹೊರಟುಹೋದ ಮೇಲೆ ರಸ್ತೆ ಮತ್ತೆ ಸುಮ್ಮನಾಗುತ್ತದೆ. ಆಗ ಮನೆಮನೆಗಳ ಎದುರು ಒಂದೊಂದೇ ನಕ್ಷತ್ರ ಹೊತ್ತಿಕೊಳ್ಳುವುದು ಕಾಣುತ್ತದೆ.

ಈ ನಕ್ಷತ್ರಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಪೇಟೆಯಲ್ಲಿ ಸಿಗುವ ರಟ್ಟಿನ, ಪ್ಲಾಸ್ಟಿಕ್ಕಿನ ನಕ್ಷತ್ರಗಳೇ ಈಗ ಹೆಚ್ಚು. ಆದರೂ ಒಳದಾರಿಗಳಲ್ಲಿ ನಡೆದರೆ ಅಲ್ಲೊಂದು ಇಲ್ಲೊಂದು ಬಿದಿರಿನದು ಇನ್ನೂ ಇದೆ. ಸೀಳಿ ನಯಗೊಳಿಸಿದ ಬಿದಿರ ಕಡ್ಡಿಗಳನ್ನು ದಾರದಲ್ಲಿ ಬಿಗಿದು ಐದು ಮೂಲೆ ಎಬ್ಬಿಸಿ, ಮೈದಾ ಅಂಟಿನಲ್ಲಿ ಬಣ್ಣದ ಕಾಗದ ಹಚ್ಚಿ, ಒಳಗೊಂದು ಬಲ್ಬು ಇಳಿಬಿಟ್ಟದ್ದು. ದೀಪಾವಳಿಗೆ ಈ ಸೀಮೆಯ ಹುಡುಗರು ಗೂಡುದೀಪ ಕಟ್ಟುವುದೂ ಇದೇ ಬಿದಿರು, ಇದೇ ಕಾಗದ, ಇದೇ ಅಂಟಿನಿಂದ. ಕಟ್ಟುವ ಕೈ ಕೂಡ ಎಷ್ಟೋ ಸಲ ಒಂದೇ. ತುಳಸಿಕಟ್ಟೆಯ ಮುಂದೆ ಗೂಡುದೀಪ ಏರಿಸಿದ ಹುಡುಗನನ್ನು ಒಂದೂವರೆ ತಿಂಗಳ ಬಳಿಕ ಪಕ್ಕದ ಮನೆಯ ಮಾವಿನ ಕೊಂಬೆಯಲ್ಲಿ ನಕ್ಷತ್ರ ಕಟ್ಟುತ್ತಿರುವಾಗ ನೋಡಿದರೆ ಈ ಊರಿನಲ್ಲಿ ಯಾರಿಗೂ ಆಶ್ಚರ್ಯವಿಲ್ಲ.

ಕ್ರಿಸ್ಮಸ್ಸಿನ ಮರುದಿನ ಮನೆಮಂದಿಯೆಲ್ಲ ಗೋದಲಿ ನೋಡಲು ಹೊರಟಿದ್ದೇವೆ. ಅಮ್ಮ, ಹೆಂಡತಿ, ಮಗಳು, ಅವಳಿಗಿಂತ ಚಿಕ್ಕವನಾದ ಮಗ. ನೀವೂ ಬನ್ನಿ, ಜಾಗ ಉಂಟು. ಮಕ್ಕಳು ಮುಂದೆ ಓಡುತ್ತಾರೆ, ಅಮ್ಮ ಹಿಂದೆ ಬರುತ್ತಾರೆ, ನಾವು ನಡುವೆ.

ಸಂತ ಅಂತೋನಿಯವರ ಇಗರ್ಜಿಯ ಕಡೆಯಿಂದ ಕೊಂಕಣಿ ಹಾಡು ತೇಲಿ ಬರುತ್ತಿದೆ. ಹಾಡಿನ ಅರ್ಥ ತಿಳಿಯದ ಮಗನೂ ಅದರ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದಾನೆ. ಅಂಗಳದ ಮರಗಳಿಗೆ ಸೀರಿಯಲ್ ಬಲ್ಬು ಸುತ್ತಿದ್ದಾರೆ. ನೆಲದಲ್ಲಿ ಮೊನ್ನೆ ರಾತ್ರಿಯ ಬಲಿಪೂಜೆಗೆ ಬಂದವರ ನೂರಾರು ಚಪ್ಪಲಿಗಳ ಗುರುತು, ಒಂದು ಮೂಲೆಯಲ್ಲಿ ರಾಶಿ ಹಾಕಿದ ಕುರ್ಚಿಗಳು. ಹಬ್ಬದ ಗೌಜಿ ಇಳಿದಿದೆ, ಆದರೆ ಮಕ್ಕಳ ಹಬ್ಬ ಶುರುವಾಗುವುದೇ ಈಗ. ದೊಡ್ಡವರ ಹೊಸ ಬಟ್ಟೆ, ನೆಂಟರಿಷ್ಟರ ಊಟ ಮುಗಿದ ಮೇಲೆ ಗೋದಲಿ ಪೂರ್ತಿಯಾಗಿ ಮಕ್ಕಳ ವಶವಾಗುತ್ತದೆ.

ಮೊದಲು ನೋಡುವಾಗ ಅದೊಂದು ಸಣ್ಣ ಗುಡ್ಡ, ಅಷ್ಟೆ. ಹತ್ತಿರ ಹೋದರೆ ಗುಡ್ಡದ ಬೆನ್ನಿನಲ್ಲಿ ಊರು. ಅಡಿಕೆ ಮರದ ಸೀಳುಗಳನ್ನು ಊರಿ, ಗೋಣಿಚೀಲಗಳನ್ನು ಕೆಮ್ಮಣ್ಣಿನ ರಾಡಿಯಲ್ಲಿ ಅದ್ದಿ ಮೇಲೆ ಹೊದಿಸಿ ಒಣಗಲು ಬಿಟ್ಟಿದ್ದಾರೆ. ಒಣಗಿದ ಗೋಣಿ ತನ್ನಷ್ಟಕ್ಕೆ ಸುಕ್ಕುಗಟ್ಟಿ ಬಂಡೆಯಾಗಿದೆ. ಮುರಕಲ್ಲಿನ ಪಾಗಾರದಿಂದ ಎಬ್ಬಿಸಿ ತಂದ ಹಾವಸೆ ಹುಲ್ಲುಗಾವಲಾಗಿದೆ. ಮೇಲಿನಿಂದ ಒಂದು ತೋಡು ಇಳಿಯುತ್ತದೆ. ಮೀನಿನ ತೊಟ್ಟಿಗೆ ಇಡುವ ಪುಟ್ಟ ಪಂಪು ಆ ನೀರನ್ನು ಮತ್ತೆ ಮತ್ತೆ ಮೇಲಕ್ಕೆತ್ತುತ್ತಿದೆ, ಕಿವಿಗೊಟ್ಟರೆ ಹಾವಸೆಯ ಅಡಿಯಲ್ಲಿ ಅದರ ಗುಂಯ್‌ಗುಡುವಿಕೆ ಕೇಳುತ್ತದೆ. ತೋಡಿಗೊಂದು ಕಾಲುಸಂಕ. ಸಂಕದಾಚೆ ಹಂಚಿನ ಮಾಡಿನ ಮನೆ, ಬಾವಿಕಟ್ಟೆ, ರಾಟೆಯಲ್ಲಿ ಇಳಿಬಿಟ್ಟ ಹಗ್ಗ, ಹಗ್ಗದ ತುದಿಯಲ್ಲಿ ಬಾಟಲಿಯ ಮುಚ್ಚಳದಿಂದ ಮಾಡಿದ ಕೊಡಪಾನ. ಗದ್ದೆಯಲ್ಲಿ ಒಂದು ಜೋಡಿ ಕೋಣ, ಹಿಂದೆ ನೇಗಿಲು ಹಿಡಿದವ. ಪ್ಯಾಲೆಸ್ಟೀನಿನ ಯಾವ ಊರಿನಲ್ಲೂ ಆ ಕೋಣಗಳಿರಲಿಕ್ಕಿಲ್ಲ. ಆದರೆ ಕಂಬಳದ ಋತುವಿನಲ್ಲಿ ಗೋದಲಿ ಕಟ್ಟುವ ಹುಡುಗರಿಗೆ ಕೋಣಗಳಿಲ್ಲದ ಊರು ಊರೇ ಅಲ್ಲ.

ಇಷ್ಟೆಲ್ಲದರ ಒಂದು ಬದಿಗೆ, ಊರಿನವರು ಯಾರೂ ತಿರುಗಿ ನೋಡದ ಕಡೆ, ಒಂದು ಹಟ್ಟಿ. ಮಾಡಿಗೆ ಏಣೆಲು ಕೊಯ್ಲಿನ ಹೊಸ ಬೈಹುಲ್ಲು, ಅದರ ಬಂಗಾರ ಇನ್ನೂ ಮಾಸಿಲ್ಲ. ಒಳಗೆ ಮಂಡಿಯೂರಿದ ಮರಿಯಮ್ಮ, ಕೋಲು ಹಿಡಿದು ನಿಂತ ಜೋಸೆಫ್, ಮಲಗಿದ ದನ, ಪಕ್ಕದಲ್ಲಿ ಕತ್ತೆ, ಹುಲ್ಲು ತುಂಬಿದ ಗೋದಲಿಯಲ್ಲಿ ಮಗು. ಡಿಸೆಂಬರ್ 24ರ ರಾತ್ರಿಯವರೆಗೆ ಅದು ಖಾಲಿ. ಗೋದಲಿ ಎಷ್ಟು ದಿನ ಮುಂಚೆ ಕಟ್ಟಿ ಮುಗಿದಿದ್ದರೂ ಮಗುವನ್ನು ಇಡುವುದು ಆ ರಾತ್ರಿ ಹಾಡು, ಧೂಪ, ಗಂಟೆಗಳ ನಡುವೆ. ಮುಂಚೆ ಬಂದು ನೋಡಿದ ಮಕ್ಕಳು ಖಾಲಿ ಜಾಗ ನೋಡಿ ಹೋಗಿರುತ್ತಾರೆ, ಈಗ ಮಗು ಬಂದಿದೆಯೋ ಎಂದು ನೋಡಲು ಮತ್ತೆ ಬರುತ್ತಾರೆ. ನನ್ನ ಮಗನೂ ಅದಕ್ಕೇ ಬಂದವ. ಬೇಲಿಗೆ ಕಟ್ಟಿದ ಹಗ್ಗದ ಮೇಲೆ ಹೊಟ್ಟೆಯಿಟ್ಟು ಬಾಗಿ, ಬೆರಳಿನಿಂದ ಎಣಿಸಿ, "ಬಂದಿದೆ" ಎಂದು ನಮಗೆ ವರದಿ ಮಾಡಿದ.

ಕಾವಲಿಗೆ ನಿಂತ ಯುವಕರು ಮಕ್ಕಳನ್ನು ಗದರುವುದಿಲ್ಲ. "ಮುಟ್ಲಿಕ್ಕಿಲ್ಲ ಪುಟ್ಟ, ಕರೆಂಟು ಉಂಟು" ಎಂದಷ್ಟೇ ಹೇಳುತ್ತಾರೆ. ಅವರಲ್ಲೊಬ್ಬ ಮಂಗಳೂರಿನಲ್ಲಿ ಕೆಲಸಕ್ಕಿರುವವ. ರಾತ್ರಿ ಬಸ್ಸಿಗೆ ಬಂದು, ಬೆಳಗಿನ ಜಾವದವರೆಗೆ ಗೋಣಿ ಅದ್ದಿ, ಕೈಯ ಕೆಮ್ಮಣ್ಣು ತೊಳೆಯುವಷ್ಟರಲ್ಲಿ ಮತ್ತೆ ಬಸ್ಸಿನ ಹೊತ್ತು. ಅವನ ಉಗುರಿನ ಸಂದಿಯಲ್ಲಿ ಆ ಕೆಂಪು ಈಗಲೂ ಇದೆ. ತೋಡಿನ ನೀರು ಸೋರಿ ಒಂದು ಬದಿಯ ಗುಡ್ಡ ಕರಗಿದ್ದನ್ನು ಹೇಗೆ ಸರಿಮಾಡಿದರು ಎಂದು ಅವನು ಕೈಯಲ್ಲೇ ತೋರಿಸಿ ವಿವರಿಸುವಾಗ ನನ್ನ ಮಗಳು ಬಾಯಿ ತೆರೆದು ಕೇಳುತ್ತಿದ್ದಳು. ಪ್ಲಾಸ್ಟಿಕ್ ಹಾಳೆಯನ್ನು ಎರಡು ಮಡಿಕೆ ಹಾಸಿ, ಅಂಚನ್ನು ಮೇಲೆತ್ತಿ ಮಣ್ಣು ಮೆತ್ತಬೇಕಂತೆ. ಮನೆಗೆ ಹೋದ ಮೇಲೆ ಇದನ್ನು ನಮ್ಮ ಅಂಗಳದಲ್ಲಿ ಅವಳು ಮಾಡಿ ನೋಡುತ್ತಾಳೆ ಎಂಬುದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು.

ಗೋದಲಿ ಕಟ್ಟುವ ಪದ್ಧತಿ ಸಣ್ಣ ವಯಸ್ಸಿನದಲ್ಲ. 1223ರ ಕ್ರಿಸ್ಮಸ್ ರಾತ್ರಿ, ಇಟಲಿಯ ಗ್ರೆಚ್ಚೊ ಎಂಬ ಗುಡ್ಡದೂರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಒಂದು ಗುಹೆಯೊಳಗೆ ಹುಲ್ಲು ತರಿಸಿ, ಜೀವಂತ ಎತ್ತು ಮತ್ತು ಕತ್ತೆಯನ್ನು ನಿಲ್ಲಿಸಿ, ಊರವರನ್ನು ಕರೆದರು. ಬೆತ್ಲೆಹೇಮಿನಲ್ಲಿ ಹುಟ್ಟಿದ ಮಗು ಪಟ್ಟ ಕಷ್ಟವನ್ನು ಕಣ್ಣಾರೆ ಕಾಣಬೇಕು ಎಂಬುದು ಅವರ ಆಸೆ. ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಊರಿನ ಗೆಳೆಯನೊಬ್ಬನಿಗೆ ಸಿದ್ಧತೆ ಮಾಡಲು ಹೇಳಿದ್ದರು ಎಂದು ಅವರ ಮೊದಲ ಚರಿತ್ರೆಕಾರ ಚೆಲಾನೊದ ತೋಮಸ್ ಬರೆದಿದ್ದಾನೆ. ಊರಿನವರು ಪಂಜು, ಮೇಣದ ಬತ್ತಿ ಹಿಡಿದು ಕಾಡಿನ ದಾರಿಯಲ್ಲಿ ಬಂದರಂತೆ. ಆ ರಾತ್ರಿಗೆ 2023ರಲ್ಲಿ ಎಂಟುನೂರು ವರ್ಷ ತುಂಬಿತು. ಮುಂದೆ ಆ ಪದ್ಧತಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಜೊತೆ ದೇಶ ದೇಶ ಸುತ್ತಿತು. 16ನೇ ಶತಮಾನದಿಂದೀಚೆಗೆ ಗೋವೆಯಿಂದ ಗುಂಪು ಗುಂಪಾಗಿ ಬಂದು ಈ ಕರಾವಳಿಯಲ್ಲಿ ಬೇಸಾಯಕ್ಕೆ ನಿಂತ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಅದು ಬೈಹುಲ್ಲು, ಕೆಮ್ಮಣ್ಣು, ಹಾವಸೆಗಳನ್ನು ಕಂಡುಕೊಂಡಿತು. 1784ರಲ್ಲಿ ಟಿಪ್ಪು ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು, 1799ರ ನಂತರ ಬದುಕುಳಿದವರು ಮರಳಿ ಬಂದು ಹಾಳುಬಿದ್ದ ಗದ್ದೆ, ಇಗರ್ಜಿಗಳನ್ನು ಮತ್ತೆ ಎಬ್ಬಿಸಿದ್ದು ಈ ನೆಲದ ಚರಿತ್ರೆ. ಘಟ್ಟದ ಬುಡಕ್ಕೆ ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ರಬ್ಬರು, ಕಾಳುಮೆಣಸು ಬೆಳೆಸಿದ ಕುಟುಂಬಗಳು ತಮ್ಮ ಗೋದಲಿಯಾದ ಪುಲ್ಕೂಡನ್ನು ತಂದವು. ಅವರಿಗಾಗಿ 1999ರಲ್ಲಿ ಬೆಳ್ತಂಗಡಿಯಲ್ಲೇ ಸೀರೋ ಮಲಬಾರ್ ಧರ್ಮಪ್ರಾಂತ್ಯ ಹುಟ್ಟಿತು. ಎರಡೂ ಕಡೆಯ ಮಕ್ಕಳು ಹಾವಸೆಗೆ ಹುಡುಕುವುದು ಅದೇ ಪಾಗಾರಗಳನ್ನೇ.

ಕತ್ತಲು ಪೂರ್ತಿ ಇಳಿದಿದೆ. ಇಗರ್ಜಿಯಿಂದ ಹೊರಟು ತೋಟದ ನಡುವಿನ ದಾರಿ ಹಿಡಿಯೋಣ. ಟಾರ್ಚು ಅಮ್ಮನ ಕೈಯಲ್ಲಿದೆ. ನನಗೆ ನಿಜವಾಗಿ ತೋರಿಸಬೇಕಾದ ಗೋದಲಿ ಇರುವುದು ನಮ್ಮ ಹಳೆಯ ನೆರೆಯವರಾದ ಬಾಯಮ್ಮನ ಮನೆಯ ಜಗಲಿಯಲ್ಲಿ. ಈ ಸೀಮೆಯಲ್ಲಿ ಕ್ರೈಸ್ತ ಮನೆಯ ಹಿರಿಯ ಹೆಂಗಸನ್ನು ನಾವು ಕರೆಯುವುದೇ ಬಾಯಮ್ಮ ಎಂದು. ಅವರ ಯಜಮಾನರು ಪೊರ್ಬುಗಳು.

"ಬನ್ನಿ ಬನ್ನಿ, ಎಂತ ಅಪರೂಪ! ಅಮ್ಮನನ್ನು ಕತ್ತಲೆಯಲ್ಲಿ ನಡೆಸಿಕೊಂಡು ಬಂದಿರಾ? ಕಾಲಿಗೆ ನೀರು ಕೊಡು ಮಗಾ" ಎಂದು ಬಾಯಮ್ಮ ಎದ್ದು ಬಂದರು. ಕೈ ತುಂಬ ಮೈದಾ. ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ಡಬ್ಬಿಗಳು ಹಬ್ಬದ ದಿನವೇ ಬರಿದಾಗಿ, ಇದೀಗ ಎರಡನೇ ಸುತ್ತಿನ ಕೆಲಸ ನಡೆದಿತ್ತು. ಕೆಳಗೆ ಹಾಸಿದ ಚಾಪೆಯಲ್ಲಿ ಅವರ ಸೊಸೆ, ಮೊಮ್ಮಗಳು ಕೂತಿದ್ದರು. ಅಮ್ಮನೂ ಸೆರಗು ಸಿಕ್ಕಿಸಿಕೊಂಡು ಅಲ್ಲೇ ಕೂತರು. ಮಗಳು ಪಕ್ಕಕ್ಕೆ ಜಾರಿಕೊಂಡಳು.

ಕಿಡಿಯೊ ಮಾಡುವುದನ್ನು ನೀವು ನೋಡಿರದಿದ್ದರೆ ಸ್ವಲ್ಪ ಬಾಗಿ ನೋಡಿ. ತೆಂಗಿನ ಹಾಲು, ತುಪ್ಪ ಹಾಕಿ ನಾದಿದ ಹಿಟ್ಟಿನಿಂದ ಗೋಲಿ ಗಾತ್ರದ ಉಂಡೆ ಚಿವುಟಬೇಕು. ಅದಕ್ಕೆಂದೇ ತೆಗೆದಿಟ್ಟ ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಅದನ್ನಿಟ್ಟು ಹೆಬ್ಬೆರಳಿನಲ್ಲಿ ಒತ್ತಿ ಚಪ್ಪಟೆ ಮಾಡಬೇಕು, ಒತ್ತಿದ ಬೆರಳನ್ನು ಎತ್ತದೆ ಹಾಗೆಯೇ ತನ್ನ ಕಡೆಗೆ ಸುರುಳಿ ಎಳೆಯಬೇಕು. ಬೆರಳಿನಡಿಯಿಂದ ಮೈತುಂಬ ಗೆರೆಗಳಿರುವ ಪುಟ್ಟ ಸುರುಳಿಯೊಂದು ಉರುಳಿ ಬೀಳುತ್ತದೆ. ಬಾಯಮ್ಮನ ಕೈಯಲ್ಲಿ ಇದು ಒಂದೇ ಚಲನೆ. ಚಿವುಟು, ಒತ್ತು, ಸುರುಳು. ಮಾತು ಒಂದು ಕಡೆ, ಕೈ ಒಂದು ಕಡೆ. ಮಗಳ ಮೊದಲ ಕಿಡಿಯೊ ಬಾಚಣಿಗೆಗೇ ಅಂಟಿಕೊಂಡಿತು. "ಹೆದರಬೇಡ, ತುಪ್ಪ ಸವರು" ಎಂದು ಸೊಸೆ ಬಾಚಣಿಗೆ ಒರೆಸಿ ಕೊಟ್ಟರು. ಒಳಗೆ ಬಾಣಲೆಯಲ್ಲಿ ತೆಂಗಿನೆಣ್ಣೆ ಕಾಯುವ ವಾಸನೆ ಜಗಲಿಗೆ ಬಂತು. ಕರಿದು ಕೆಂಪಗಾದ ಕಿಡಿಯೊಗಳನ್ನು ಸಕ್ಕರೆ ಪಾಕಕ್ಕೆ ಸುರಿದು ಬಿಡದೆ ತಿರುವಬೇಕು. ತಿರುವುತ್ತಾ ತಿರುವುತ್ತಾ ಪಾಕ ಬತ್ತಿ, ಬೆಳ್ಳಗೆ ಒಣಗಿ ಒಂದೊಂದೂ ಬೇರೆಯಾಗುವಾಗ ಕಡಾಯಿಯೊಳಗೆ ಮಣಿ ಉದುರುವ ಸದ್ದು ಕೇಳುತ್ತದೆ. ಅಷ್ಟು ಹೊತ್ತಿಗೆ ಒಲೆ ಆರಿಸಬೇಕು, ಸ್ವಲ್ಪ ತಡವಾದರೂ ಸಕ್ಕರೆ ಕರಟುತ್ತದೆ. ಎಳ್ಳು, ಕಾಯಿತುರಿ, ಗೇರುಬೀಜ ತುಂಬಿದ ನೆವ್ರಿ, ಹಿತ್ತಾಳೆಯ ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಯಲ್ಲಿ ಅರಳಿಸುವ ಕುಕ್ಕಿಸ, ಗುಳಿಯೊ, ಚಕ್ಕುಲಿ, ಇವೆಲ್ಲ ಬೇರೆ ಬೇರೆ ಡಬ್ಬಿಗಳಿಂದ ತಟ್ಟೆಗೆ ಬಂದವು.

ಮಗ ಇದಾವುದಕ್ಕೂ ಕಾಯದೆ ಗೋದಲಿಯ ಮುಂದೆ ಕೂತಿದ್ದ. ಜಗಲಿಯ ಮೂಲೆಯಲ್ಲಿ ಹಳೆಯ ಮೇಜಿನ ಮೇಲೆ ಬಾಯಮ್ಮನ ಮೊಮ್ಮಗ ಕಟ್ಟಿದ್ದು. ನಾಲ್ಕನೇ ಕ್ಲಾಸಿನ ಹುಡುಗ. ಇಲ್ಲಿ ಪಂಪು ಇಲ್ಲ, ತಿರುಗುವ ಮೋಟಾರು ಇಲ್ಲ. ಆದರೆ ಹಸಿರು ಇದೆ, ನಿಜವಾದ ಹಸಿರು. ಹಬ್ಬಕ್ಕೆ ಎರಡು ವಾರ ಇರುವಾಗ ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ ರಾಗಿಯನ್ನೂ ಭತ್ತವನ್ನೂ ಬಿತ್ತಿದ್ದಾನೆ. ರಾಗಿ ಎಳೆ ಎಳೆಯಾಗಿ ಒತ್ತಾಗಿ ಎದ್ದಿದೆ, ಭತ್ತ ಅದಕ್ಕಿಂತ ಗೇಣು ಮೇಲೆ. ತುದಿಯಲ್ಲಿ ನಿಂತ ನೀರಹನಿ ಬಲ್ಬಿನ ಬೆಳಕಿಗೆ ಮಿನುಗುತ್ತದೆ. ಮೂಗು ಹತ್ತಿರ ತಂದರೆ ನೇಜಿ ಗದ್ದೆಯ ಹಸಿ ವಾಸನೆ. ಕುರಿಗಳು ಆ ಪೈರಿನ ನಡುವೆ ಮೇಯುತ್ತಿವೆ. ಕುರಿಗಳ ಜೊತೆ ಒಂದು ಪ್ಲಾಸ್ಟಿಕ್ ಡೈನೋಸಾರ್ ಕೂಡ ಶಾಂತವಾಗಿ ಮೇಯುತ್ತಿದೆ. ರಟ್ಟಿನ ಪೆಟ್ಟಿಗೆಯಿಂದ ಮಾಡಿದ ಬಸ್ಸೊಂದು ಗುಡ್ಡದ ತಿರುವಿನಲ್ಲಿ ನಿಂತಿದೆ, ಅದರ ಹಣೆಯಲ್ಲಿ ಕೆಂಪು ಸ್ಕೆಚ್ ಪೆನ್ನಿನಿಂದ "ನಾರಾವಿ" ಎಂದು ಬರೆದ ಬೋರ್ಡು.

"ಬೆತ್ಲೆಹೇಮಿಗೆ ನಾರಾವಿ ಬಸ್ಸು ಬರ್ತದಾ?" ಎಂದು ಮಗ ಕೇಳಿದ.

"ಮತ್ತೆ ಇವರೆಲ್ಲ ಹೇಗೆ ಬರುದು?" ಎಂದು ಹುಡುಗ ಕುರುಬರನ್ನು ತೋರಿಸಿದ.

ಮೂವರು ರಾಯರು ಮಾತ್ರ ಬಸ್ಸಿನಲ್ಲಿ ಬರುವವರಲ್ಲ. ಅವರು ಒಂಟೆಗಳ ಜೊತೆ ಮೇಜಿನ ಇನ್ನೊಂದು ತುದಿಯಲ್ಲಿ, ಹಟ್ಟಿಯಿಂದ ಬಲು ದೂರದಲ್ಲಿದ್ದಾರೆ. ಹುಡುಗ ದಿನಾ ಬೆಳಿಗ್ಗೆ ಹಲ್ಲುಜ್ಜಿ ಬಂದು ಅವರನ್ನು ಅಂಗೈಯಗಲ ಮುಂದಕ್ಕೆ ಸರಿಸುತ್ತಾನೆ. ಜನವರಿ 6ರ ಮೂರು ರಾಯರ ಹಬ್ಬಕ್ಕೆ ಸರಿಯಾಗಿ ಅವರು ಮುಟ್ಟಬೇಕು. ಕುರುಬರ ಕತೆ ಲೂಕನ ಸುವಾರ್ತೆಯದು, ನಕ್ಷತ್ರ ಹಿಡಿದು ಬಂದ ಜ್ಞಾನಿಗಳದು ಮತ್ತಾಯನದು. ಜ್ಞಾನಿಗಳು ಮೂವರು ಎಂದು ಮತ್ತಾಯ ಎಲ್ಲೂ ಹೇಳಿಲ್ಲ, ತಂದ ಕಾಣಿಕೆ ಮೂರು ಎಂದಷ್ಟೇ ಇದೆ. ಎರಡು ಪುಸ್ತಕಗಳ ಎರಡು ಕತೆಗಳು ಒಂದೇ ಮೇಜಿನ ಮೇಲೆ ಒಂದಾಗುವುದು ಗೋದಲಿಯಲ್ಲಿ.

ಅಮ್ಮ ಕೈ ತೊಳೆದು ಬಂದು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ನಾಲ್ಕು ಹೆತ್ತವರು ಅವರು. ಹಟ್ಟಿಯೊಳಗೆ ನೋಡಿ, "ಈ ಚಳಿಯಲ್ಲಿ ಬಾಣಂತಿಗೆ ಒಂದು ಒಲೆ ಇಲ್ಲ, ಬಿಸಿನೀರಿಲ್ಲ. ಮಗುವಿನ ಮೈ ಬೆಚ್ಚಗಾಗುವುದು ಹೇಗೆ ಬಾಯಮ್ಮಾ?" ಎಂದರು.

"ದನ ಉಂಟಲ್ಲಮ್ಮ, ಅದೇ ಉಸಿರು ಬಿಟ್ಟು ಬಿಟ್ಟು ಮಗುವನ್ನು ಬೆಚ್ಚಗೆ ಇಟ್ಟದ್ದು" ಎಂದರು ಬಾಯಮ್ಮ.

ಸುವಾರ್ತೆಗಳಲ್ಲಿ ಆ ದನವೂ ಇಲ್ಲ, ಕತ್ತೆಯೂ ಇಲ್ಲ. ಎತ್ತಿಗೆ ತನ್ನ ಒಡೆಯನ ಗುರುತು, ಕತ್ತೆಗೆ ತನ್ನ ಗೋದಲಿಯ ಗುರುತು ಉಂಟು ಎಂಬ ಅರ್ಥದ ಪ್ರವಾದಿ ಯೆಶಾಯನ ಮಾತಿನಿಂದ ಅವು ಇಲ್ಲಿಗೆ ನಡೆದು ಬಂದವು. ಆದರೆ ದನ ಸಾಕಿದವರಿಗೆ ಆ ಉಸಿರಿನ ಬಿಸಿ ಗೊತ್ತು. ಅಮ್ಮ ತಲೆಯಾಡಿಸಿದರು. ಆಮೇಲೆ ಬಾಯಮ್ಮ ನನ್ನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಛತ್ರದಲ್ಲಿ ಜಾಗ ಸಿಗದ ಗಂಡ ಹೆಂಡಿರ ಕತೆಯನ್ನು ತುಳುವಿನಲ್ಲಿ ಹೇಳತೊಡಗಿದರು. ಮನೆಮಾತು ಕೊಂಕಣಿಯಾದರೂ ನಮ್ಮ ಜೊತೆ ಅವರದು ತುಳುವೇ. ಈ ಕತೆಗೆ ತುಳು ಹೊಸತೂ ಅಲ್ಲ. ಮಂಗಳೂರಿನ ಬಾಸೆಲ್ ಮಿಶನ್ನಿನವರು ಹೊಸ ಒಡಂಬಡಿಕೆಯನ್ನು ಪೂರ್ತಿಯಾಗಿ ತುಳುವಿಗೆ ತಂದದ್ದು 1847ರಲ್ಲಿ. ಆದರೆ ಬಾಯಮ್ಮನ ಕತೆಯಲ್ಲಿ ಜೋಸೆಫ್ ಬಾಗಿಲು ಬಾಗಿಲು ತಟ್ಟುವುದು ನಮಗೆ ಗೊತ್ತಿರುವ ಜಗಲಿಗಳಲ್ಲಿ. ಒಬ್ಬರು ನೆಂಟರು ಬಂದಿದ್ದಾರೆ ಅಂದರಂತೆ, ಇನ್ನೊಬ್ಬರು ಅಡಿಕೆ ತುಂಬಿದೆ, ಜಾಗ ಇಲ್ಲ ಅಂದರಂತೆ. "ನಾವು ಆಗಿದ್ದರೆ ಕರೀತಿದ್ದೆವು" ಎಂದು ಮಗ ಗಟ್ಟಿಯಾಗಿ ಹೇಳಿದ.

ಈಚೆಗೆ ಪೇಟೆಯಲ್ಲಿ ಸಿದ್ಧ ಗೋದಲಿ ಸಿಗುತ್ತದೆ. ಥರ್ಮಾಕೋಲಿನ ಗುಡ್ಡ, ಪ್ಲಾಸ್ಟಿಕ್ ಹುಲ್ಲು, ಹತ್ತಿಯ ಹಿಮ. ಪೆಟ್ಟಿಗೆ ಬಿಚ್ಚಿ ಇಟ್ಟರೆ ಮುಗಿಯಿತು. ಕೆಲಸಕ್ಕೆ ಹೋಗುವ ತಂದೆ ತಾಯಿಗೆ ಅದು ಅನುಕೂಲ, ಒಪ್ಪುತ್ತೇನೆ. ಆದರೂ ಹೇಳದೆ ಇರಲಾರೆ, ಆ ಪೆಟ್ಟಿಗೆಯಲ್ಲಿ ಮಗುವಿಗೆ ಮಾಡಲು ಏನೂ ಉಳಿದಿಲ್ಲ. ಹಾವಸೆಗಾಗಿ ಪಾಗಾರ ಹುಡುಕುವ ಮಧ್ಯಾಹ್ನ, ಮೊಳಕೆ ಬಂತೇ ಎಂದು ಗೆರಟೆ ಇಣುಕುವ ಬೆಳಗು, ಬಸ್ಸಿಗೆ ಊರಿನ ಹೆಸರು ಬರೆಯುವ ಸಂತೋಷ, ಇವು ಅದರೊಳಗೆ ಬರುವುದಿಲ್ಲ. ನಾಲ್ಕನೇ ಕ್ಲಾಸಿನ ಈ ಹುಡುಗ ಹಬ್ಬದ ಮುಂಚಿನ ಅಷ್ಟೂ ದಿನ ಒಂದು ಬಿತ್ತನೆಯ ಹೊಣೆ ಹೊತ್ತಿದ್ದಾನೆ. ಎರಡು ಗೆರಟೆಗಳ ರಾಗಿ ಇರುವೆ ಹೊತ್ತೊಯ್ದಾಗ ಮತ್ತೆ ಬಿತ್ತಿದ್ದಾನೆ. ನನಗೆ ಮೋಟಾರಿನ ಗೋದಲಿಯೂ ಇಷ್ಟವೇ, ಆದರೆ ನನ್ನ ಮಕ್ಕಳನ್ನು ಕೈಹಿಡಿದು ಕರೆತರುವುದು ಈ ಮೇಜಿನ ಮುಂದಕ್ಕೆ.

ಜನವರಿ 6 ಕಳೆದ ಮೇಲೆ ಇದನ್ನು ಬಿಚ್ಚುತ್ತಾರೆ. ಮೂರ್ತಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಟ್ರಂಕಿಗೆ ಹಾಕುತ್ತಾರೆ, ಕಿವಿ ಮುರಿದ ಕತ್ತೆಗೆ ಎರಡು ಸುತ್ತು ಹೆಚ್ಚು. ಬೈಹುಲ್ಲು ಹಟ್ಟಿಗೆ, ಮಣ್ಣು ಹೂವಿನ ಚಟ್ಟಿಗೆ. ಪೈರು ದನಕ್ಕೆ.

ಹೊರಡುವ ಹೊತ್ತಿಗೆ ಬಾಯಮ್ಮ ಕುಸ್ವಾರಿನ ತಟ್ಟೆಗೆ ಕ್ರೋಶಾ ಬಟ್ಟೆ ಮುಚ್ಚಿ ಹೆಂಡತಿಯ ಕೈಗಿತ್ತರು. ಮಗಳು ಮಾಡಿದ ವಕ್ರ ಕಿಡಿಯೊಗಳನ್ನು ಬೇರೆಯಾಗಿ ಒಂದು ಕಾಗದದಲ್ಲಿ ಕಟ್ಟಿದ್ದರು. ಮಗ ಮಾತ್ರ ಅಲ್ಲಾಡಲಿಲ್ಲ. ಅವನಿಗೆ ಒಂದು ಗೆರಟೆ ಪೈರು ಬೇಕು.

"ಈಗ ಕೊಡ್ಲಿಕ್ಕೆ ಆಗುದಿಲ್ಲ" ಎಂದ ಹುಡುಗ. "ಕುರಿಗಳಿಗೆ ಎಂತ ಮಾಡುದು? ಮೂರು ರಾಯರ ಹಬ್ಬ ಆದ ಮೇಲೆ ಬಾ."

"ಆಗ ದನ ತಿಂತದಲ್ಲ?"

ಹುಡುಗ ಗೆರಟೆಗಳನ್ನು ಒಂದೊಂದಾಗಿ ನೋಡಿದ. ಕೊನೆಗೆ ಹಿಂದಿನ ಸಾಲಿನ, ಇರುವೆ ತಿಂದು ಎರಡನೇ ಸಲ ಬಿತ್ತಿದ ರಾಗಿಯ ಗೆರಟೆಗೆ ಬೆರಳಿಟ್ಟು, "ಇದು ನಿನಗೆ. ದನಕ್ಕೆ ನಾನು ಹೇಳ್ತೇನೆ" ಎಂದ.